ಹಿತ್ತಲಲ್ಲಿ ಗಂಡು ಬಾತಿನ ಕಾಟ: ದೊಣ್ಣೆ ಹಿಡಿಯೋ ಮುಂಚೆ ಲೆಕ್ಕ ಹಾಕಿ

ಹೊಳಲು (ಮಂಡ್ಯ ತಾ.): ಹಿತ್ತಲಲ್ಲಿ ಐದಾರು ಬಾತುಕೋಳಿ ಸಾಕಿದವರ ಮನೆಯಲ್ಲಿ ಒಂದಲ್ಲ ಒಂದು ದಿನ ಈ ಮಾತು ಬಂದೇ ಬರುತ್ತದೆ: "ಆ ಗಂಡಿಗೆ ಏನೋ ಆಗದೆ ಕಣಕ್ಕ, ಹೆಣ್ಣುಗಳನ್ನ ಬಾಳಕ್ಕೇ ಬಿಡ್ತಿಲ್ಲ." ಮೊನ್ನೆವರೆಗೆ ತವುಡಿನ ಬೋಗುಣಿ ಸುತ್ತ ಒಟ್ಟಿಗೆ ಮೇಯುತ್ತಿದ್ದ ಬಾತುಗಳಲ್ಲಿ ಒಂದು ಹೆಣ್ಣಿನ ಕತ್ತಿನ ಹಿಂಬದಿ ಬೋಳಾಗಿರುತ್ತದೆ. ಇನ್ನೊಂದು ಕುಂಟುತ್ತಾ ಹುಲ್ಲಿನ ಮೆದೆ ಸಂದಿ ಸೇರಿಕೊಂಡಿರುತ್ತದೆ. ದಿನಾ ಸಿಗುತ್ತಿದ್ದ ಮೊಟ್ಟೆ ಕಡಿಮೆಯಾಗಿರುತ್ತದೆ. ಮನೆಯವರು ದೊಣ್ಣೆ ಹಿಡಿದು ಗಂಡನ್ನು ಅಟ್ಟಾಡಿಸುತ್ತಾರೆ. ಅದು ಅತ್ತ ಓಡಿ ಮತ್ತೆ ಇತ್ತಲೇ ಬರುತ್ತದೆ.

ಇಂಥ ಕಡೆ ತಪ್ಪು ಬಹುತೇಕ ಸಲ ಗಂಡಿನ ಗುಣದಲ್ಲಿ ಇರುವುದಿಲ್ಲ, ಹಿಂಡಿನ ಲೆಕ್ಕದಲ್ಲಿ ಇರುತ್ತದೆ. ಹೆಣ್ಣು ಕಡಿಮೆ, ಗಂಡು ಜಾಸ್ತಿ ಆದರೆ ಎಂಥ ಸಾಧು ಬಾತೂ ಕಾಟ ಕೊಡುತ್ತದೆ. ಲೆಕ್ಕ ಸರಿಪಡಿಸಿದರೆ ಅದೇ ಗಂಡು ಸುಮ್ಮನಾಗುವುದೂ ಉಂಟು.

ಗಂಡು ಜಾಸ್ತಿ ಆಗೋದು ಹೇಗೆ?

ಕೆಆರ್‌ಎಸ್‌ನಿಂದ ಬರುವ ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಬಾತು ಸಾಕಲು ಬೇಕಾದ್ದೆಲ್ಲ ಇದೆ. ಗದ್ದೆ ಬಯಲು, ಕಾಲುವೆ ನೀರು, ಬಸವನಹುಳ, ಉದುರಿದ ಭತ್ತ ಎಲ್ಲವೂ ಸಿಗುತ್ತವೆ. ಆದರೆ ಹೆಚ್ಚಿನವರು ಬಾತು ತರುವುದು ಮರಿಯಾಗಿದ್ದಾಗ. ಎಳೆ ಮರಿಯಲ್ಲಿ ಗಂಡು ಹೆಣ್ಣು ಗೊತ್ತಾಗುವುದಿಲ್ಲ. ಮರಿಗಳಲ್ಲಿ ಸುಮಾರು ಅರ್ಧ ಗಂಡು, ಅರ್ಧ ಹೆಣ್ಣು ಇರುತ್ತವೆ. ಆರು ಮರಿ ತಂದರೆ ಮೂರು ಗಂಡು ಬರುವುದು ಮಾಮೂಲು, ಅದೃಷ್ಟ ಕೆಟ್ಟರೆ ನಾಲ್ಕು.

ಬೆಳೆದ ಬಾತು ಕೊಳ್ಳುವವರದು ಇನ್ನೊಂದು ಕಥೆ. ಮೊಟ್ಟೆ ಇಡುವ ಹೆಣ್ಣನ್ನು ಸಾಕೋರು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತಂದ ಜೋಡಿಯಲ್ಲಿ ಎರಡೂ ಗಂಡೇ ಆಗಿದ್ದರೆ ಆಶ್ಚರ್ಯವಿಲ್ಲ.

ಗುರುತು ಹಿಡಿಯೋದು ಹೀಗೆ

ಎರಡು, ಎರಡೂವರೆ ತಿಂಗಳಾದ ಮೇಲೆ ದನಿ ಕೇಳಿದರೆ ಸಾಕು. ಬೀದಿಗೆಲ್ಲ ಕೇಳುವ ಹಾಗೆ ಜೋರಾಗಿ 'ಕ್ವಾಕ್ ಕ್ವಾಕ್' ಅನ್ನುವುದು ಹೆಣ್ಣು. ಗಂಟಲು ಕಟ್ಟಿದವರ ಹಾಗೆ ಕೀರಲು, ಒಡಕು ದನಿ ಮಾಡುವುದು ಗಂಡು. ಮೂರು ನಾಲ್ಕು ತಿಂಗಳ ಹೊತ್ತಿಗೆ ಗಂಡಿನ ಬಾಲದ ಮೇಲೆ ಒಂದೆರಡು ಗರಿ ಮೇಲಕ್ಕೆ ಸುರುಳಿ ಸುತ್ತಿಕೊಳ್ಳುತ್ತವೆ.

ಮುಖದ ಮೇಲೆ ಕೆಂಪು ಗಂಟುಗಳಿರುವ ಮಸ್ಕೊವಿ ಜಾತಿಗೆ ಈ ಎರಡು ಗುರುತೂ ಹೊಂದುವುದಿಲ್ಲ. ಅದರ ಗಂಡಿಗೆ ಬಾಲದಲ್ಲಿ ಸುರುಳಿ ಇರುವುದಿಲ್ಲ, ದನಿ ಬರೀ 'ಹಿಸ್' ಅನ್ನುವ ಉಸಿರು. ಅಲ್ಲಿ ಗಾತ್ರವೇ ಗುರುತು. ಗಂಡು ಹೆಣ್ಣಿಗಿಂತ ಹೆಚ್ಚುಕಮ್ಮಿ ಎರಡರಷ್ಟು ತೂಗುತ್ತದೆ.

ಎಷ್ಟು ಹೆಣ್ಣಿಗೆ ಎಷ್ಟು ಗಂಡು?

ಮರಿ ಮಾಡಿಸಬೇಕು ಅನ್ನೋರಿಗೆ ಐದಾರು ಹೆಣ್ಣಿಗೆ ಒಂದು ಗಂಡು ಸಾಕು. ಹಿತ್ತಲ ಲೆಕ್ಕದಲ್ಲಿ ಹೇಳುವುದಾದರೆ:

- ಹೆಣ್ಣು 3 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಗಂಡನ್ನು ಸದಾ ಜೊತೆಗೆ ಬಿಡುವುದು ಬೇಡ.
- ಹೆಣ್ಣು 4ರಿಂದ 6 ಇದ್ದರೆ ಒಂದೇ ಗಂಡು.
- ಹೆಣ್ಣು 10ರಿಂದ 12 ಇದ್ದರೆ ಎರಡು ಗಂಡು.

"ಒಂದೇ ಗಂಡಿದ್ರೆ ಅದಕ್ಕೆ ಏನಾದ್ರೂ ಆದ್ರೆ?" ಅಂತ ಎರಡನೆಯದನ್ನು ಉಳಿಸಿಕೊಳ್ಳುವವರು ಅದನ್ನು ಬೇರೆ ಕಡೆ ಇಡಬೇಕು. ನಾಲ್ಕು ಹೆಣ್ಣಿನ ಹಿಂಡಿನಲ್ಲಿ ಎರಡು ಗಂಡು ಬಿಟ್ಟರೆ ಅವು ಪೈಪೋಟಿಗೆ ಬೀಳುತ್ತವೆ. ಒಂದು ಹತ್ತಿದ ಹೆಣ್ಣಿನ ಮೇಲೆ ಕೂಡಲೇ ಇನ್ನೊಂದು ಹತ್ತುತ್ತದೆ. ಪೆಟ್ಟು ಬೀಳುವುದು ಹೆಣ್ಣಿಗೆ.

ಮೊಟ್ಟೆಗೆ ಗಂಡು ಬೇಕೇ ಬೇಕಾ?

ಬೇಡ. ಇದೊಂದು ವಿಷಯ ತಿಳಿದರೆ ಎಷ್ಟೋ ಹಿತ್ತಲುಗಳ ಜಗಳ ಅಲ್ಲಿಗೇ ಮುಗಿಯುತ್ತದೆ. ಕೋಳಿಯ ಹಾಗೆ ಬಾತು ಕೂಡ ಗಂಡಿನ ಸಂಗವಿಲ್ಲದೆ ಮೊಟ್ಟೆ ಇಡುತ್ತದೆ. ಗಂಡು ಬೇಕಾಗುವುದು ಆ ಮೊಟ್ಟೆಯಿಂದ ಮರಿ ಆಗಬೇಕಾದರೆ ಮಾತ್ರ. 1900ರ ಆಸುಪಾಸಿನಲ್ಲಿ ಇಂಗ್ಲೆಂಡಿನಲ್ಲಿ ಬೆಳೆಸಿದ ಖಾಕಿ ಕ್ಯಾಂಪ್‌ಬೆಲ್ ತಳಿ ಒಳ್ಳೆಯ ಮೇವು, ಆರೈಕೆ ಸಿಕ್ಕರೆ ವರ್ಷಕ್ಕೆ 300ರ ಹತ್ತಿರ ಮೊಟ್ಟೆ ಕೊಡುತ್ತದೆ. ಆ ಲೆಕ್ಕಕ್ಕೂ ಗಂಡಿಗೂ ಸಂಬಂಧವಿಲ್ಲ. ಬದಲಿಗೆ ಗಂಡಿನ ಕಾಟಕ್ಕೆ ಹೆದರಿ ಮೇವು ಬಿಟ್ಟು ಅಡಗಿ ಕೂತ ಹೆಣ್ಣು ಮೊಟ್ಟೆ ಕಡಿಮೆ ಮಾಡುತ್ತದೆ.

ಮೊಟ್ಟೆ ಮಾರುವ ಅಂಗಡಿಯವರಿಗೂ ಇದರಲ್ಲಿ ಲಾಭವಿದೆ. ಗಂಡಿನ ಜೊತೆಗಿದ್ದ ಹೆಣ್ಣಿನ ಮೊಟ್ಟೆಯೊಳಗೆ ಬೇಸಿಗೆಯ ಶಾಖಕ್ಕೆ ಭ್ರೂಣ ಬೆಳೆಯಲು ಶುರುವಾಗಬಹುದು. ಗಿರಾಕಿ ಮನೆಗೆ ಒಯ್ದು ಒಡೆದಾಗ ರಕ್ತದ ಗೆರೆ ಕಂಡರೆ ಆ ಅಂಗಡಿ ಕಡೆ ಮತ್ತೆ ತಿರುಗಿ ನೋಡುವುದಿಲ್ಲ. ಗಂಡಿಲ್ಲದ ಹಿಂಡಿನ ಮೊಟ್ಟೆಗೆ ಆ ಭಯವಿಲ್ಲ. ಗಂಡನ್ನು ಬೇರೆ ಮಾಡಿದ ಮೇಲೂ ಒಂದು ವಾರದಷ್ಟು ದಿನ ಮರಿಯಾಗುವ ಮೊಟ್ಟೆ ಬರುತ್ತಿರುತ್ತದೆ ಅನ್ನುವುದು ನೆನಪಿರಲಿ.

ಮೇವಿನ ಖರ್ಚನ್ನೂ ನೋಡಿ. ಕಟ್ಟಿ ಸಾಕಿದ ಬಾತು ದಿನಕ್ಕೆ ಸುಮಾರು 150 ಗ್ರಾಂ ಮೇವು ತಿನ್ನುತ್ತದೆ. ಮೂರು ಗಂಡು ಹೆಚ್ಚಿಗೆ ಇದ್ದರೆ ತಿಂಗಳಿಗೆ 13.5 ಕೆ.ಜಿ. ಮೇವು ಮೊಟ್ಟೆ ಕೊಡದ ಹೊಟ್ಟೆಗೆ ಹೋಗುತ್ತದೆ.

ಯಾವುದು ಸಹಜ, ಯಾವುದು ಅಪಾಯ?

ಗಂಡು ಬಾತು ಹೆಣ್ಣಿನ ಬೆನ್ನೇರಿ ಕತ್ತಿನ ಗರಿ ಕಚ್ಚಿ ಹಿಡಿಯುವುದು ಅದರ ಹುಟ್ಟುಗುಣ. ನೋಡಲು ಒರಟಾಗಿ ಕಂಡರೂ ಕೆಲವೇ ಕ್ಷಣದಲ್ಲಿ ಮುಗಿದು, ಹೆಣ್ಣು ರೆಕ್ಕೆ ಕೊಡವಿಕೊಂಡು ಮೇಯಲು ಹೋದರೆ ಚಿಂತೆಯಿಲ್ಲ. ನೀರು, ಮೇವು ಹೇರಳವಾಗಿ ಸಿಕ್ಕಾಗ, ಹಗಲು ಉದ್ದವಾಗುವಾಗ ಈ ಆಟ ಜಾಸ್ತಿ. ಗಂಡು ಗಂಡು ಎದೆಗೆ ಎದೆ ಕೊಟ್ಟು ನೂಕಾಡುವುದು, ಒಂದು ಸೋತು ಹಿಂದೆ ಸರಿಯುವುದು ಕೂಡ ಮಾಮೂಲು.

ಈ ಕೆಳಗಿನವು ಕಂಡರೆ ಅದೇ ದಿನ ಗಂಡನ್ನು ಬೇರೆ ಮಾಡಬೇಕು:

- ಹೆಣ್ಣಿನ ತಲೆ ಹಿಂಬದಿ, ಕತ್ತು, ಬೆನ್ನಿನಲ್ಲಿ ಗರಿ ಹೋಗಿ ಚರ್ಮ ಕಾಣುವುದು, ರಕ್ತ ಬರುವುದು.
- ಕುಂಟುವುದು, ಮೇವಿಗೆ ಬಾರದೆ ಮೂಲೆ ಸೇರುವುದು.
- ಕಣ್ಣು ಊದುವುದು, ಮುಚ್ಚಿಕೊಂಡಿರುವುದು.
- ಎರಡು ಮೂರು ಗಂಡು ಸೇರಿ ಒಂದೇ ಹೆಣ್ಣಿನ ಮೇಲೆ ಬೀಳುವುದು.
- ಗಂಡು ಯಾವಾಗಲೂ ಒಂದೇ ಹೆಣ್ಣನ್ನು ಅಟ್ಟುವುದು.

ನೀರಿನ ತೊಟ್ಟಿ: ಕಣ್ಣಿಗೆ ಕಾಣದ ಅಪಾಯ

ಬಾತುಗಳು ಕೂಡುವುದು ಹೆಚ್ಚಾಗಿ ನೀರಿನಲ್ಲಿ. ನೀರು ಭಾರ ಹೊರುವುದರಿಂದ ಹೆಣ್ಣಿಗೆ ಅದು ನೆಲಕ್ಕಿಂತ ಹಗುರ. ಆದರೆ ಗಂಡು ಮೇಲಿದ್ದಾಗ ಹೆಣ್ಣಿನ ತಲೆ ನೀರೊಳಗೆ ಹೋಗುತ್ತದೆ. ಒಂದು ಇಳಿಯುವಷ್ಟರಲ್ಲಿ ಇನ್ನೊಂದು ಹತ್ತಿದರೆ ಹೆಣ್ಣು ಉಸಿರುಗಟ್ಟಿ ಸಾಯುತ್ತದೆ. "ಈಜೋ ಬಾತು ನೀರಲ್ಲಿ ಮುಳುಗಿ ಸಾಯ್ತದಾ?" ಅಂತ ನಗುವ ಹಾಗಿಲ್ಲ.

ದನಕ್ಕೆ ನೀರು ಕುಡಿಸುವ ಸಿಮೆಂಟ್ ತೊಟ್ಟಿಗೆ ನೇರ ಗೋಡೆ ಇರುತ್ತದೆ, ಇಳಿದ ಹೆಣ್ಣಿಗೆ ಹತ್ತಿ ಬರಲು ದಾರಿ ಇರುವುದಿಲ್ಲ. ಒಳಗೆ ಎರಡು ಕಡೆ ಇಟ್ಟಿಗೆ ಅಥವಾ ಕಲ್ಲು ಜೋಡಿಸಿ ಮೆಟ್ಟಿಲು ಮಾಡಬೇಕು. ಗಂಡು ಜಾಸ್ತಿ ಇರುವ ಹಿತ್ತಲಲ್ಲಿ ಆಳದ ತೊಟ್ಟಿ ಮುಚ್ಚಿ, ಅಗಲ ಬಾಯಿಯ ತಗ್ಗು ಟಬ್ ಇಡುವುದು ವಾಸಿ. ಕುಡಿಯುವ ಪಾತ್ರೆಯಲ್ಲಿ ಮಾತ್ರ ಕೊಕ್ಕು, ಮೂಗು ಪೂರ್ತಿ ಮುಳುಗುವಷ್ಟು ನೀರು ಇರಲೇಬೇಕು. ಇಲ್ಲದಿದ್ದರೆ ಬಾತಿನ ಮೂಗು ಕಟ್ಟುತ್ತದೆ, ಕಣ್ಣು ಅಂಟುತ್ತದೆ.

ನಾಟಿ ಕೋಳಿ ಜೊತೆ ಬಿಟ್ಟವರು ಗಮನಿಸಿ

ಹಳ್ಳಿ ಮನೆಗಳಲ್ಲಿ ಕೋಳಿ, ಬಾತು ಒಂದೇ ಹಿತ್ತಲಲ್ಲಿ ಓಡಾಡುತ್ತವೆ. ಹೆಣ್ಣು ಬಾತಿನಿಂದ ತೊಂದರೆ ಕಡಿಮೆ. ಆದರೆ ಗಂಡು ಬಾತು ಹ್ಯಾಟೆಯ ಮೇಲೆ ಹತ್ತಲು ಶುರು ಮಾಡಿದರೆ ಹ್ಯಾಟೆಯ ಜೀವಕ್ಕೇ ಕುತ್ತು.

ಕಾರಣ ದೇಹರಚನೆ. ಹುಂಜಕ್ಕೆ ಹೊರಚಾಚುವ ಜನನಾಂಗವಿಲ್ಲ. ಗಂಡು ಬಾತಿಗೆ ಇದೆ, ಅದೂ ಸುರುಳಿಯಾಕಾರದ ಉದ್ದನೆಯದು. ಹೆಣ್ಣು ಬಾತಿನ ಒಳರಚನೆ ಅದನ್ನು ತಡೆದುಕೊಳ್ಳುವಂತಿದೆ, ಹ್ಯಾಟೆಯದು ಹಾಗಿಲ್ಲ. ಒಳಗೆ ಗಾಯವಾಗಿ, ನಂಜಾಗಿ ಹ್ಯಾಟೆ ಸಾಯಬಹುದು. ಮೇಲಿನಿಂದ ಏನೂ ಕಾಣದ ಕಾರಣ "ಏನೋ ರೋಗ ಬಂತು" ಅಂತ ಜನ ಸುಮ್ಮನಾಗುತ್ತಾರೆ.

ಇದಕ್ಕೆ ಸಾಕುವ ರೀತಿಯೂ ಒಂದು ಕಾರಣ. ಖಾಕಿ ಕ್ಯಾಂಪ್‌ಬೆಲ್‌ನಂಥ ಬಾತುಗಳು ಕಾವಿಗೆ ಕೂರುವುದು ಅಪರೂಪ. ಹಾಗಾಗಿ ಬಾತಿನ ಮೊಟ್ಟೆಯನ್ನು ಕಾವಿಗೆ ಕೂತ ನಾಟಿ ಕೋಳಿಗೆ ಇಡುವುದು ರೂಢಿ. ಕೋಳಿ ಮೊಟ್ಟೆಗೆ 21 ದಿನ ಸಾಕು, ಬಾತಿನದಕ್ಕೆ 28 ದಿನ ಬೇಕು. ಹೀಗೆ ಕೋಳಿ ರೆಕ್ಕೆಯಡಿ ಕಣ್ಣುಬಿಟ್ಟು, ಕೋಳಿಮರಿಗಳ ಜೊತೆ ಬೆಳೆದ ಗಂಡು ಬಾತು ಕೋಳಿಯನ್ನೇ ತನ್ನ ಜಾತಿ ಅಂದುಕೊಳ್ಳಬಹುದು. ಇಂಥ ಗಂಡುಗಳನ್ನು ಮೂರು ತಿಂಗಳು ತುಂಬುವ ಮೊದಲೇ ಕೋಳಿಗಳಿಂದ ಬೇರೆ ಮಾಡಬೇಕು. ಒಂದು ಸಲ ಹ್ಯಾಟೆಯ ರುಚಿ ಹತ್ತಿದ ಗಂಡನ್ನು ತಿದ್ದುತ್ತೇವೆ ಅಂತ ಕಾಯುತ್ತಾ ಕೂರಬಾರದು.

ಇದೇ ಮಾತು ಮಸ್ಕೊವಿ ಗಂಡಿಗೂ ಹೊಂದುತ್ತದೆ. ಪೂರ್ತಿ ಬೆಳೆದ ಮಸ್ಕೊವಿ ಗಂಡು 5 ಕೆ.ಜಿ. ಆಸುಪಾಸು ತೂಗುತ್ತದೆ, ಖಾಕಿ ಕ್ಯಾಂಪ್‌ಬೆಲ್ ಹೆಣ್ಣು 2 ಕೆ.ಜಿ. ಆ ಭಾರ ಈ ಬೆನ್ನಿಗೆ ತಡೆಯುವುದಿಲ್ಲ. ಇವೆರಡರ ಮರಿಗೆ ಮುಂದೆ ಸಂತಾನವೂ ಆಗದು.

ಬೇರೆ ಮಾಡೋದು ಹೇಗೆ?

ಕಾಟ ಕೊಡುವ ಗಂಡನ್ನು ಕುಕ್ಕೆ ಕೆಳಗೆ ಎರಡು ದಿನ ಕವುಚಿಟ್ಟು ಮತ್ತೆ ಬಿಟ್ಟರೆ ಪ್ರಯೋಜನವಿಲ್ಲ. ಹೊರಗೆ ಬಂದ ಕೂಡಲೇ ಎರಡರಷ್ಟು ಆತುರ ತೋರಿಸುತ್ತದೆ. ಬೇಕಿರುವುದು ಗಂಡುಗಳಿಗೇ ಒಂದು ಪ್ರತ್ಯೇಕ ಜಾಗ.

ಹಿತ್ತಲಿನ ಒಂದು ಬದಿಗೆ ಮೂರಡಿ ಎತ್ತರದ ಕೋಳಿ ಜಾಲರಿ ಕಟ್ಟಿದರೆ ಸಾಮಾನ್ಯ ಬಾತಿಗೆ ಸಾಕು. ಮಸ್ಕೊವಿ ಹಾರುತ್ತದೆ, ಅದಕ್ಕೆ ಮೇಲೂ ಮುಚ್ಚಬೇಕು. ಮುಖ್ಯವಾದದ್ದು ಅಲ್ಲಿಂದ ಹೆಣ್ಣುಗಳು ಕಾಣಬಾರದು. ಜಾಲರಿಗೆ ಗೋಣಿಚೀಲವನ್ನೋ ತೆಂಗಿನ ಗರಿಯ ತಡಿಕೆಯನ್ನೋ ಅಡ್ಡ ಕಟ್ಟಿ. ಹೆಣ್ಣು ಕಣ್ಣಿಗೆ ಬೀಳದಿದ್ದರೆ ಮೂರು ನಾಲ್ಕು ಗಂಡುಗಳು ಒಂದೆರಡು ದಿನ ನೂಕಾಡಿ, ಆಮೇಲೆ ಒಟ್ಟಿಗೇ ಮೇಯುತ್ತವೆ. ಒಂಟಿ ಗಂಡನ್ನು ಇಡುವುದಕ್ಕಿಂತ ಎರಡನ್ನು ಜೊತೆಗಿಡುವುದು ಒಳ್ಳೆಯದು. ಬಾತು ಗುಂಪಿನ ಜೀವಿ.

ರಾತ್ರಿ ಗೂಡಿಗೆ ಒಂದು ಬಾತಿಗೆ ಮೂರು ನಾಲ್ಕು ಚದರ ಅಡಿ ಜಾಗ ಲೆಕ್ಕ ಹಾಕಿ. ಬೀದಿನಾಯಿ, ಮುಂಗುಸಿ, ಕಾಡುಬೆಕ್ಕು ಗಂಡು ಹೆಣ್ಣು ನೋಡುವುದಿಲ್ಲ. ಆದ್ದರಿಂದ ಗಂಡುಗಳ ಗೂಡಿಗೂ ಚಿಲಕ ಭದ್ರವಾಗಿರಬೇಕು.

ಹಿಂಡಿನಲ್ಲಿ ಉಳಿಸಿಕೊಳ್ಳುವ ಒಂದು ಗಂಡನ್ನು ಆರಿಸುವಾಗ ಎಲ್ಲಕ್ಕಿಂತ ದಪ್ಪನೆಯದನ್ನು ಆರಿಸುವುದು ಅಭ್ಯಾಸ. ಅದಕ್ಕಿಂತ ಹೆಣ್ಣನ್ನು ಕುಂಟಿಸದ, ಮೇವಿನ ಹೊತ್ತಿಗೆ ಸುಮ್ಮನಿರುವ ಮಧ್ಯಮ ಗಾತ್ರದ ಗಂಡು ಮೇಲು. ಹೆಣ್ಣುಗಳಿಗೂ ತಪ್ಪಿಸಿಕೊಳ್ಳಲು ಮರೆ ಬೇಕು. ಬಟ್ಟಬಯಲಿನಂಥ ಹಿತ್ತಲಲ್ಲಿ ಒಂದು ಹಳೆ ಬಾಗಿಲು ಓರೆಯಾಗಿ ನಿಲ್ಲಿಸಿದರೂ ಅದು ಮರೆಯೇ. ಮೇವು, ನೀರು ಎರಡು ಕಡೆ ಇಟ್ಟರೆ ಅರ್ಧ ಗಲಾಟೆ ಇಳಿಯುತ್ತದೆ.

ಮನುಷ್ಯರ ಮೇಲೇ ಬರುವ ಗಂಡು

ಕೆಲವು ಗಂಡು ಬಾತುಗಳು ಕಾಲು ಕಚ್ಚುತ್ತವೆ, ಸೀರೆ ಸೆರಗು ಹಿಡಿದು ಎಳೆಯುತ್ತವೆ, ಮಕ್ಕಳನ್ನು ಅಟ್ಟಿಸಿಕೊಂಡು ಹೋಗುತ್ತವೆ. ವಿಚಿತ್ರವೆಂದರೆ ಹೀಗೆ ಮಾಡುವುದು ಹೆಚ್ಚಾಗಿ ಮುದ್ದು ಮಾಡಿ ಸಾಕಿದ ಒಂಟಿ ಮರಿಯೇ. ಮೊಟ್ಟೆಯೊಡೆದ ಆರಂಭದ ಹೊತ್ತಿನಲ್ಲಿ ಎದುರಿಗೆ ಕಂಡವರನ್ನೇ ಮರಿಗಳು ತಾಯಿಯೆಂದು ಹಿಂಬಾಲಿಸುವುದನ್ನು ಆಸ್ಟ್ರಿಯಾದ ವಿಜ್ಞಾನಿ ಕಾನ್ರಾಡ್ ಲೊರೆನ್ಜ್ ಹೆಬ್ಬಾತು, ಬಾತುಗಳಲ್ಲಿ ವಿವರವಾಗಿ ಗಮನಿಸಿದ್ದರು. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕೆ ಅವರಿಗೆ 1973ರಲ್ಲಿ ನೊಬೆಲ್ ಬಂತು. ಮನುಷ್ಯರ ನಡುವೆ ಬೆಳೆದ ಗಂಡು ಮರಿ ದೊಡ್ಡದಾದ ಮೇಲೆ ಮನೆಯವರನ್ನೇ ತನ್ನ ಜೋಡಿ ಅಥವಾ ಎದುರಾಳಿ ಅಂದುಕೊಳ್ಳುತ್ತದೆ.

ಇದಕ್ಕೆ ಒದೆ ಮದ್ದಲ್ಲ. ಒದ್ದರೆ ಅದರ ಪಾಲಿಗೆ ಜಗಳ ಶುರುವಾಯಿತು ಅಂತ ಅರ್ಥ. ಓಡಿದರೆ ಅದು ಗೆದ್ದ ಹಾಗೆ. ಕೈಯಿಂದ ತಿನ್ನಿಸುವುದನ್ನು ನಿಲ್ಲಿಸಿ. ಒಳಗೆ ಹೋಗುವಾಗ ಬಕೆಟ್ ಅಥವಾ ಮೊರ ಕಾಲಿಗೆ ಅಡ್ಡ ಹಿಡಿದು ನಿಧಾನವಾಗಿ ಮುಂದೆ ನಡೆಯಿರಿ. ಆದರೂ ಬಿಡದಿದ್ದರೆ ಎರಡು ಕೈಯಲ್ಲಿ ರೆಕ್ಕೆ ಸಮೇತ ಮೈ ಒತ್ತಿ ಹಿಡಿದು ಕಂಕುಳಿಗೆ ಸೇರಿಸಿಕೊಂಡು, ಅದು ಸುಮ್ಮನಾಗುವ ತನಕ ಹಿಡಿದು ಕೆಳಗೆ ಬಿಡಿ. ಕೆಲವು ದಿನ ಹೀಗೆ ಮಾಡಿದರೆ ಬಹಳಷ್ಟು ಗಂಡು ತಣ್ಣಗಾಗುತ್ತವೆ. ಕೋಳಿ ಹಿಡಿದ ಹಾಗೆ ಕಾಲು ಹಿಡಿದು ನೇತಾಡಿಸಬಾರದು. ಬಾತಿನ ಕಾಲು ಸೂಕ್ಷ್ಮ, ಕೀಲು ತಪ್ಪುತ್ತದೆ. ಕೊಕ್ಕಿನ ತುದಿ ಕತ್ತರಿಸುವುದೂ ಬೇಡ. ಅದರಲ್ಲಿ ನರಗಳಿವೆ, ಕೆಸರಿನಲ್ಲಿ ಮೇವು ಹುಡುಕುವುದೇ ಆ ತುದಿಯಿಂದ.

ಸಣ್ಣ ಮಕ್ಕಳನ್ನು ಇಂಥ ಗಂಡಿನ ಹತ್ತಿರ ಒಂಟಿಯಾಗಿ ಬಿಡಬಾರದು. ಮಸ್ಕೊವಿಯ ಉಗುರು, ರೆಕ್ಕೆ ಏಟು ಎರಡೂ ಜೋರು. ಬಾತು, ಗೂಡು, ಮೊಟ್ಟೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ದೊಡ್ಡವರಿಗೂ ಕಡ್ಡಾಯ. ಕಾವಿಗೆ ಕೂತ ಹೆಣ್ಣು ಬಾತು ಬುಸುಗುಟ್ಟಿ ಕಚ್ಚಲು ಬಂದರೆ ಅದು ಮೊಟ್ಟೆ ಕಾಯುವ ಕೆಲಸ. ಅದನ್ನು ಅದರ ಪಾಡಿಗೆ ಬಿಟ್ಟರೆ ಸಾಕು.

ಗಾಯವಾದ ಹೆಣ್ಣಿಗೆ ಏನು ಮಾಡಬೇಕು?

ಮೊದಲು ಬೇರೆ ಇಡಿ. ಕುದಿಸಿ ಆರಿಸಿದ ನೀರಿಗೆ ಚೂರು ಉಪ್ಪು ಹಾಕಿ ಗಾಯ ತೊಳೆದು, ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಪೊವಿಡೋನ್ ಅಯೋಡಿನ್ ಹಚ್ಚಿ. ನೊಣ ಕೂತು ಹುಳ ಬೀಳದಂತೆ ಬೆಳಿಗ್ಗೆ ಸಂಜೆ ನೋಡುತ್ತಿರಬೇಕು. ಸೀಮೆಎಣ್ಣೆ, ಪೆಟ್ರೋಲ್ ಹಾಕುವುದು ಖಂಡಿತ ಬೇಡ. ಗಾಯ ಒಣಗುವ ತನಕ ಕೆಸರು ನೀರಿಗೆ ಬಿಡಬಾರದು. ಬುಡಸಮೇತ ಕಿತ್ತ ಗರಿ ಕೆಲವು ವಾರದಲ್ಲಿ ಮತ್ತೆ ಬರುತ್ತದೆ. ಮುರಿದ ಗರಿ ಮಾತ್ರ ಮುಂದಿನ ಗರಿ ಉದುರುವ ಕಾಲದ ತನಕ ಹಾಗೇ ಇರುತ್ತದೆ.

ಕಣ್ಣಿಗೆ ಪೆಟ್ಟಾಗಿದ್ದರೆ, ಆಳದ ಗಾಯವಿದ್ದರೆ, ಎರಡು ದಿನವಾದರೂ ಕುಂಟು ಹೋಗದಿದ್ದರೆ ಪಶು ಆಸ್ಪತ್ರೆಗೆ ಒಯ್ಯಬೇಕು. ಅತಿಯಾಗಿ ಕೂಡುವ ಗಂಡಿನ ಅಂಗ ಒಳಗೆ ಹೋಗದೆ ಹೊರಗೇ ನೇತಾಡುವುದುಂಟು. ಅದಕ್ಕೂ ಅಂದೇ ವೈದ್ಯರು ಬೇಕು. ಒಟ್ಟಿಗೆ ಹಲವು ಬಾತು ತೂಕಡಿಸುವುದು, ಸಾಯುವುದು ಕಂಡರೆ ಅದು ಜಗಳದ ಗಾಯವಲ್ಲ, ರೋಗದ ಸೂಚನೆ. ಸತ್ತವನ್ನು ಬರಿಗೈಯಲ್ಲಿ ಮುಟ್ಟದೆ, ಕಾಲುವೆಗೆ ಎಸೆಯದೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಬೇಕು.

ಹೆಚ್ಚಾದ ಗಂಡನ್ನು ಏನು ಮಾಡೋದು?

ದಾರಿ ಮೂರೇ: ಬೇರೆ ಗೂಡಿನಲ್ಲಿ ಸಾಕುವುದು, ಹೆಣ್ಣು ಜಾಸ್ತಿ ಇರುವವರಿಗೆ ಕೊಡುವುದು, ಇಲ್ಲವೇ ಮಾಂಸಕ್ಕೆ ಮಾರುವುದು. ಕೊಡುವಾಗ ನಿಜ ಹೇಳಿ ಕೊಡಬೇಕು. ಕೋಳಿ ಮೇಲೆ ಹತ್ತುವ ಗಂಡನ್ನು "ಬಲೇ ಸಾಧು" ಅಂತ ದಾಟಿಸಿದರೆ ಇನ್ನೊಬ್ಬರ ಹ್ಯಾಟೆ ಸಾಯುತ್ತವೆ. ಬಾತು ಮಾರುವ ಅಂಗಡಿಯವರೂ ಗಿರಾಕಿ ಸಾಕಲು ಕೊಳ್ಳುತ್ತಿದ್ದಾರಾ, ಅಡುಗೆಗಾ ಅಂತ ಕೇಳಿ, ಸಾಕೋರಿಗೆ ಬಾಲದ ಸುರುಳಿ ತೋರಿಸಿ ಕೊಟ್ಟರೆ ನಾಳೆ ತಗಾದೆ ಇರುವುದಿಲ್ಲ.

ಹೆಣ್ಣು ತಂದು ಲೆಕ್ಕ ಸರಿಮಾಡುವುದೂ ಒಂದು ದಾರಿ. ಆದರೆ ಹೊಸ ಬಾತನ್ನು ಎರಡು ವಾರ ಬೇರೆ ಇಟ್ಟು, ರೋಗವಿಲ್ಲ ಎಂದು ಖಾತ್ರಿಯಾದ ಮೇಲೆ ಜಾಲರಿ ಆಚೆ ಈಚೆ ಕೆಲವು ದಿನ ಪರಿಚಯ ಮಾಡಿಸಿ ಬಿಡಬೇಕು. ಒಂದೇ ಒಂದು ಹೊಸ ಹೆಣ್ಣು ತಂದರೆ ಎಲ್ಲ ಗಂಡೂ ಅದರ ಮೇಲೇ ಬೀಳುತ್ತವೆ. ಎರಡು ಮೂರು ಒಟ್ಟಿಗೆ ತರುವುದು ಒಳ್ಳೆಯದು.

ಎಲ್ಲಿ ಕೇಳಬೇಕು?

ಗಾಯ, ರೋಗಕ್ಕೆ ಹತ್ತಿರದ ಪಶು ಆಸ್ಪತ್ರೆ. ತುರ್ತಿದ್ದರೆ ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು. ಸಾಕಣೆ ಸಲಹೆಗೆ ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ತಳಿ, ಮರಿ, ತರಬೇತಿ ವಿಚಾರಿಸುವವರಿಗೆ ಬೆಂಗಳೂರಿನ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕುಕ್ಕುಟ ಅಭಿವೃದ್ಧಿ ಸಂಸ್ಥೆ ಇದೆ.

ಅದಕ್ಕೂ ಮೊದಲು ಇವತ್ತು ಸಂಜೆ ಗೂಡಿಗೆ ಸೇರಿಸುವಾಗ ಬಾಗಿಲಲ್ಲಿ ನಿಂತು ಬಾಲದ ಸುರುಳಿ ಎಣಿಸಿ. ಹೆಣ್ಣುಗಳ ಕತ್ತಿನ ಹಿಂಬದಿ ಒಂದೊಂದಾಗಿ ಕೈಯಾಡಿಸಿ ನೋಡಿ. ಸುರುಳಿ ಎರಡು ಮೂರು ಕಂಡು, ಬೋಳು ಕತ್ತು ಒಂದಾದರೂ ಸಿಕ್ಕರೆ ಜಾಲರಿ ಕಟ್ಟುವ ಕೆಲಸ ನಾಳೆ ಬೆಳಿಗ್ಗೆಗೇ ಇರಲಿ.